ಅವಾಲಿಯಾಚೆ ಹಳದಿ ನದಿ

ನನ್ನ ಮಾಮ ಬಹ್ರೇನಿಗೆ ಬಂದು ಮೂವತ್ತೊಂದು ವರ್ಷವಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಅವರು ಇದ್ದದ್ದು ಚೀನಾದಲ್ಲಿ. ನಂಬಿಕೆ ಬರುವುದಿಲ್ಲ ಅಲ್ಲವೇ? ನನಗೂ ಬಂದಿರಲಿಲ್ಲ. ಹಳೆಯದು, ಹೊಸದು ಎಲ್ಲ ಸೇರಿಸಿ ಅವರ ಪಾಸ್‌ಪೋರ್ಟುಗಳ ಪುಟ ಪುಟ ತಿರುವಿ ಹಾಕಿದ್ದೇನೆ. ಮಂಗಳೂರು ಇದೆ, ಮುಂಬೈ ಇದೆ, ಒಮ್ಮೆ ಸೌದಿಯ ದಮ್ಮಾಮಿಗೆ ಹೋಗಿ ಸಂಜೆಯೇ ಹಿಂದೆ ಬಂದದ್ದೂ ಇದೆ. ಚೀನಾದ ಒಂದು ಮುದ್ರೆಯೂ ಇಲ್ಲ! ಕೇಳಿದರೆ, ತಾವು ಹೋಗುವ ಚೀನಾಕ್ಕೆ ವೀಸಾ ಕೊಡುವವರೆಲ್ಲ ಸತ್ತು ಸಾವಿರದ ಎಂಟುನೂರು ವರ್ಷ ಆಗಿದೆ ಎಂದು ಹೇಳಿ, ಅನ್ನಕ್ಕೆ ಮೀನಿನ ಸಾರು ಹಾಕಿಕೊಂಡರು.

ಹಾಗಂತ ಮಾಮ ದೊಡ್ಡ ಓದಿನವರು ಎಂದುಕೊಳ್ಳಬೇಡಿ. ಮೀನಾ ಸಲ್ಮಾನಿನ ಹಳೆಯ ಬಂದರಿನ ಬಳಿ, ಹಡಗುಗಳಿಗೆ ಅಕ್ಕಿ, ಎಣ್ಣೆ, ಹಗ್ಗ, ಸಾಬೂನು ಒದಗಿಸುವ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಕಾರ್ಕಳದ ಕಡೆಯವರು, ನನ್ನ ಅಮ್ಮನ ಅಣ್ಣ. ಎತ್ತರದಲ್ಲಿ ದೇವರು ಸ್ವಲ್ಪ ಕೈ ಬಿಗಿ ಮಾಡಿದ್ದಾನೆ, ಹಾಗಾಗಿ ಮೇಲಿನ ಅಟ್ಟದ ಸಾಮಾನನ್ನು ಬೈದೇ ಇಳಿಸುತ್ತಾರೆ. ನಾನು ಹಿದ್ದ್ ಎಂಬಲ್ಲಿಯ ಹೊಸ ಬಂದರಿನಲ್ಲಿ ಶಿಪ್ಪಿಂಗ್ ಆಫೀಸಿನವ. ಮದುವೆಯಾಗುವವರೆಗೆ ಇಲ್ಲೇ ಇರು ಎಂದು ಮಾಮಿ ತಮ್ಮ ಫ್ಲ್ಯಾಟಿನಲ್ಲಿ ನನಗೊಂದು ಕೋಣೆ ಕೊಟ್ಟಿದ್ದಾರೆ. ಕೋಣೆಯ ಜೊತೆಗೆ ಒಂದು ಯುದ್ಧವೂ ಬರುತ್ತದೆ ಎಂದು ಮಾತ್ರ ಮೊದಲೇ ಹೇಳಿರಲಿಲ್ಲ.

ಯುದ್ಧ ಯಾವುದು ಎಂದು ಹೇಳಿಬಿಡುತ್ತೇನೆ. ಚೀನಾದಲ್ಲಿ ಹಾನ್ ರಾಜವಂಶ ಮುಳುಗುತ್ತಿದ್ದ ಕಾಲ. ಚಕ್ರವರ್ತಿ ಹೆಸರಿಗೆ ಮಾತ್ರ. ಒಂದೊಂದು ಪ್ರಾಂತ್ಯಕ್ಕೆ ಒಬ್ಬೊಬ್ಬ ಸೇನಾಧಿಪತಿ, ಒಬ್ಬ ಇನ್ನೊಬ್ಬನನ್ನು ನುಂಗುತ್ತಾ ನುಂಗುತ್ತಾ ಕೊನೆಗೆ ಹಳದಿ ನದಿಯ ಆಚೆ ಒಬ್ಬ, ಈಚೆ ಒಬ್ಬ ಉಳಿದರು. ಅವರ ಹೆಸರುಗಳನ್ನು ಮಾಮ ನನಗೆ ನೂರು ಸಲ ಹೇಳಿಕೊಟ್ಟಿದ್ದಾರೆ, ನನ್ನ ನಾಲಗೆ ನೂರು ಸಲವೂ ಜಾರಿದೆ. ಕಡೆಗೆ ಮಾಮನೇ ಸೋತು, ಒಬ್ಬನನ್ನು ‘ಉದ್ದ’ ಎಂದೂ ಇನ್ನೊಬ್ಬನನ್ನು ‘ಗಿಡ್ಡ’ ಎಂದೂ ಕರೆಯಲು ಒಪ್ಪಿದರು. ಉದ್ದ ಉತ್ತರದವನು. ನಾಲ್ಕು ತಲೆಮಾರಿನಿಂದ ಮಂತ್ರಿಗಳ ಮನೆತನ, ನೋಡಲು ಚೆಂದ, ನಾಲ್ಕು ಪ್ರಾಂತ್ಯಗಳ ಒಡೆಯ, ಸೈನ್ಯಕ್ಕೆ ಲೆಕ್ಕವಿಲ್ಲ. ಗಿಡ್ಡನ ಮನೆತನದ ಬಗ್ಗೆ ಜನ ಆಡಿಕೊಳ್ಳುತ್ತಿದ್ದರು. ಅವನ ಕೈಯಲ್ಲಿ ಇದ್ದದ್ದು ಹೆದರಿದ ಒಬ್ಬ ಚಕ್ರವರ್ತಿ ಮತ್ತು ಹಸಿದ ಸ್ವಲ್ಪ ಸೈನಿಕರು. ಈ ಇಬ್ಬರೂ ಹರೆಯದಲ್ಲಿ ಒಟ್ಟಿಗೆ ಬೀದಿ ಅಲೆದ ಗೆಳೆಯರಂತೆ. ಈ ಮಾತು ಬಂದಾಗಲೆಲ್ಲ ಮಾಮ ಅಲ್ಲಿಗೇ ನಿಲ್ಲಿಸಿ ಚಾ ಕೇಳುತ್ತಿದ್ದರು. ನಾನು ಅದನ್ನು ಬರೀ ಚಾ ಎಂದೇ ತಿಳಿದಿದ್ದೆ.

ಗೋದಾಮಿನಲ್ಲಿ ಮಾಮನಿಗೆ ಈ ವಿದ್ಯೆಯಿಂದ ಒಳ್ಳೆಯ ಹೆಸರಿತ್ತು. ಒಮ್ಮೆ ಅಲ್ಲಿ ಇಬ್ಬರು ಮ್ಯಾನೇಜರುಗಳ ನಡುವೆ ಜಟಾಪಟಿ. ಇಡೀ ಸ್ಟಾಫು ಯಾರ ಕಡೆ ನಿಲ್ಲುವುದು ಎಂದು ತಿಳಿಯದೆ ಇಬ್ಬರಿಗೂ ಎರಡೆರಡು ಸಲ ಸಲಾಂ ಹೊಡೆಯುತ್ತಿತ್ತು. ಮಾಮ ಮೂರು ದಿನ ಸುಮ್ಮನೆ ನೋಡಿ ತೀರ್ಪು ಕೊಟ್ಟರು: ಮೇಲಿನ ಮಾಳಿಗೆಯವನು ಸೋಲುತ್ತಾನೆ. ಕಾರಣ? ಅವನ ಚಾ ಕೆಳಗಿನಿಂದ ಬರಬೇಕು. ಆಹಾರ ದೂರದಿಂದ ಬರುವ ಸೈನ್ಯ ಗೆದ್ದ ಉದಾಹರಣೆ ಇಲ್ಲ ಎಂದರು. ಎರಡು ತಿಂಗಳಲ್ಲಿ ಮೇಲಿನವನು ದುಬೈಗೆ ವರ್ಗವಾದ! ಅಂದಿನಿಂದ ಆ ಗೋದಾಮಿನಲ್ಲಿ ಮೇಲಿನ ಮಾಳಿಗೆಯ ಕೋಣೆಗೆ ಹೋಗಲು ಯಾರೂ ಒಪ್ಪುವುದಿಲ್ಲ. ಅಲ್ಲಿ ಈಗ ಖಾಲಿ ಡಬ್ಬಗಳಿವೆ.

ಇದೆಲ್ಲ ನಗುವ ಮಾತಾಯಿತು. ನಗಲಾರದ ಮಾತುಗಳೂ ಇದ್ದವು.

ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಎಲ್ಲರೂ ತಮ್ಮ ತಮ್ಮ ಮೃತರ ಹೆಸರಿನಲ್ಲಿ ಬಲಿಪೂಜೆಗೆ ಬರೆಸುತ್ತಾರಲ್ಲ, ಮಾಮನೂ ಇಗರ್ಜಿಯ ಆಫೀಸಿನಲ್ಲಿ ಸಾಲಿನಲ್ಲಿ ನಿಂತರು. ಅಲ್ಲಿ ಬರೆದುಕೊಳ್ಳುವ ಹೆಂಗಸು ತೀರಿಹೋದವರ ಹೆಸರು ಕೇಳಿದಳು. ಹೆಸರು ಗೊತ್ತಿಲ್ಲ, ಬಹಳ ಮಂದಿ, ನದಿಯ ದಡದಲ್ಲಿ ಶರಣಾದ ಮೇಲೆ ಕೊಂದುಬಿಟ್ಟರು, ಎಂದರು ಮಾಮ. ಆಕೆ ಪೆನ್ನು ಕೆಳಗಿಟ್ಟು, ಯಾವಾಗ, ಪೇಪರಿನಲ್ಲಿ ಬಂದಿತ್ತಾ ಎಂದು ಗಾಬರಿಯಿಂದ ಕೇಳಿದಳು. ಮಾಮ ಕಾಲ ಹೇಳಿದರು; ಸತ್ತವರು ಉದ್ದನ ಕಡೆಯ ಸೈನಿಕರು ಎಂದು ನನಗೆ ಆಗ ಹೊಳೆಯಿತು. ಆಕೆ ತುಂಬಾ ಹೊತ್ತು ಅವರ ಮುಖ ನೋಡಿ, ಪುಸ್ತಕದಲ್ಲಿ ‘ಚೀನಾದ ಒಂದು ಕುಟುಂಬ’ ಎಂದು ಬರೆದುಕೊಂಡಳು. ಪೂಜೆಯ ಹೊತ್ತಿಗೆ ಪಾದ್ರಿಗಳು ಅದನ್ನು ಗಟ್ಟಿಯಾಗಿ ಓದಿದಾಗ ಜನ ತಿರುಗಿ ತಿರುಗಿ ನೋಡಿದರು. ನನಗೆ ನಗು ಬಂತು. ಪಕ್ಕಕ್ಕೆ ನೋಡಿದರೆ ಮಾಮ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಅಲುಗಾಡುತ್ತಿತ್ತು. ಯಾರೋ ಹತ್ತಿರದವರು ಸತ್ತ ಹಾಗೆ. ನಾನೂ ತಲೆ ತಗ್ಗಿಸಿದೆ.

ಇನ್ನು, ಆಲಿ ಎಂಬ ಊರಿನ ದಾರಿಯಲ್ಲಿ ಅವರ ಜೊತೆ ಹೋಗಲೇಬಾರದು. ಅಲ್ಲಿ ರಸ್ತೆಯ ಎರಡೂ ಬದಿ ಪುರಾತನ ಕಾಲದ ಸಮಾಧಿ ದಿಬ್ಬಗಳು. ಮನೆಗಳ ನಡುವೆ, ಅಂಗಡಿಗಳ ಹಿಂದೆ, ಮಣ್ಣಿನ ಗುಡ್ಡೆ ಗುಡ್ಡೆ. ಉದ್ದ ಇಂಥವೇ ದಿಬ್ಬ ಕಟ್ಟಿಸಿ ಮೇಲಿಂದ ಬಾಣ ಬಿಡಿಸಿದ, ಗಿಡ್ಡನ ಸೈನಿಕರು ತಲೆಯ ಮೇಲೆ ಗುರಾಣಿ ಹಿಡಿದೇ ಬಾವಿಗೆ ನೀರಿಗೆ ಹೋಗುತ್ತಿದ್ದರು ಎನ್ನುತ್ತಾ ಮಾಮ ಕಾರಿನ ಕಿಟಕಿಯ ಗಾಜು ಏರಿಸುತ್ತಾರೆ. ಹೇಳುವುದಷ್ಟೇ ಆದರೆ ಸರಿ. ಧೂಳಿನ ಗಾಳಿ ಎದ್ದ ಒಂದು ಸಂಜೆ ಆ ದಿಬ್ಬಗಳ ತಲೆಯ ಮೇಲೆ ಸಾಲಾಗಿ ಏನೋ ನಿಂತಂತೆ ನನಗೂ ಕಂಡಿತು. ನಾನೂ ಗಾಜು ಏರಿಸಿದೆ.

ಮೊದಲು ಈ ಯುದ್ಧ ನಡೆಯುತ್ತಿದ್ದದ್ದು ನಮ್ಮ ಊಟದ ಮೇಜಿನ ಮೇಲೆ, ಖರ್ಜೂರದ ಬೀಜಗಳಲ್ಲಿ. ಮಾಮಿ ಒಂದು ದಿನ ಕುದಿಯುವ ಸಾರಿನ ಪಾತ್ರೆಯನ್ನು ತಂದು ನೇರ ಚಕ್ರವರ್ತಿಯ ರಾಜಧಾನಿಯ ಮೇಲೆ ಇಟ್ಟರು. ಅದು ಬೇಕೆಂದೇ ಮಾಡಿದ್ದು ಎಂದು ಮಾಮನ ವಾದ. ಬೇಕೆಂದೇ ಮಾಡಿದ್ದು ಎಂದೇ ಮಾಮಿಯ ವಾದವೂ! ಹೀಗೆ ಇಬ್ಬರಿಗೂ ಒಮ್ಮತ ಬಂದ ಮೇಲೆ ಯುದ್ಧ ಮನೆಯಿಂದ ಹೊರಗೆ ಬಿತ್ತು.

ಅವಾಲಿ ಎಂದರೆ ತೈಲ ಕಂಪನಿಯವರು ತಮ್ಮ ನೌಕರರಿಗೆ ಕಟ್ಟಿಸಿದ ಊರು. ಮರಗಳು, ಹುಲ್ಲು, ಒಂದೇ ಥರದ ಮನೆಗಳು. ಅದನ್ನು ದಾಟಿ ದಕ್ಷಿಣಕ್ಕೆ ಹೋದರೆ ಹಸಿರು ಒಮ್ಮೆಗೇ ಮುಗಿದು ಬಯಲು ಶುರು. ಅಲ್ಲಲ್ಲಿ ನೆಲದಿಂದ ಎಣ್ಣೆ ಎತ್ತುವ ಯಂತ್ರಗಳು, ಕತ್ತೆ ತಲೆ ಆಡಿಸಿದಂತೆ ಆಡಿಸುತ್ತಾ ನಿಂತಿರುತ್ತವೆ. ಆ ಬಯಲಿನ ಒಂದು ತಗ್ಗಿನಲ್ಲಿ, ಯಾವ ಕಾಲದ್ದೋ ತುಕ್ಕು ಹಿಡಿದ ಪೈಪೊಂದು ಅರ್ಧ ಹೂತುಹೋಗಿ ಬಿದ್ದಿತ್ತು. ಮಾಮ ಅದನ್ನು ಕಂಡವರೇ ಕಾರು ನಿಲ್ಲಿಸಲು ಹೇಳಿ, ಹಳದಿ ನದಿ ಸಿಕ್ಕಿತು ಎಂದರು.

ಕಳೆದ ಚಳಿಗಾಲದಲ್ಲಿ ಪ್ರತಿ ಶುಕ್ರವಾರ, ಇಲ್ಲಿಯ ವಾರದ ರಜೆಯಂದು, ಬೆಳಗಿನ ಪೂಜೆ ಮುಗಿಸಿ ನಾವು ಅಲ್ಲಿಗೆ ಹೋಗುತ್ತಿದ್ದೆವು. ನಾನು ಚಾಲಕ, ಮಾಮ ಸೇನಾಧಿಪತಿ. ಬಿಳಿ ಸುಣ್ಣಕಲ್ಲುಗಳು ಉದ್ದನ ಸೈನ್ಯ, ಟಾರು ಮೆತ್ತಿದ ಕಪ್ಪು ಕಲ್ಲುಗಳು ಗಿಡ್ಡನದು. ಉದ್ದನ ಪಾಳೆಯದ ಹಿಂದೆ ಒಣ ಮುಳ್ಳುಕಂಟಿಗಳ ಒಂದು ಗುಪ್ಪೆ, ಅದು ಅವನ ಧಾನ್ಯದ ಕಣಜ. ಮಾಮ ಪ್ಯಾಂಟು ಮಡಚಿಕೊಂಡು ಅರ್ಧ ದಿನ ಕಲ್ಲು ಜೋಡಿಸುತ್ತಿದ್ದರು. ನಾನು ಕಾರಿನ ನೆರಳಿನಲ್ಲಿ ಕುಳಿತು ಫೋನು ನೋಡುತ್ತಿದ್ದೆ. ಒಂಟೆ ಕಾಯುವವನೊಬ್ಬ ಒಮ್ಮೆ ನಿಂತು ನೋಡಿ, ಮಾಮನ ಕಡೆ ಬೆರಳು ತೋರಿಸಿ, ನಿಮ್ಮ ತಂದೆಯಾ ಎಂದು ಹಿಂದಿಯಲ್ಲಿ ಮರುಕದಿಂದ ಕೇಳಿ ಹೋದ.

ನಾಲ್ಕನೆಯ ಶುಕ್ರವಾರ ಹೋಗಿ ನೋಡುತ್ತೇವೆ, ಬಿಳಿ ಕಲ್ಲುಗಳು ಹೊಳೆ ದಾಟಿವೆ.

ಒಂದೆರಡಲ್ಲ, ಒಂದು ಇಡೀ ಸಾಲು. ಪೈಪಿನ ಆ ಬದಿಯಿಂದ ಈ ಬದಿಗೆ ಬಂದು ಕಪ್ಪು ಕಲ್ಲುಗಳ ಎದುರು ಅಚ್ಚುಕಟ್ಟಾಗಿ ಕುಳಿತಿವೆ. ಗಾಳಿಗೆ ಸರಿದಿರಬೇಕು ಎಂದೆ. ಗಾಳಿ ಕಲ್ಲನ್ನು ಎತ್ತಿ ಪೈಪಿನ ಮೇಲಿಂದ ದಾಟಿಸಿ ಸಾಲಾಗಿ ಇಡುತ್ತದೆಯೇ? ನನ್ನ ಮಾತು ನನಗೇ ಪೊಳ್ಳು ಕೇಳಿಸಿತು. ಸುತ್ತ ಒಂದು ಹೆಜ್ಜೆ ಗುರುತೂ ಇರಲಿಲ್ಲ. ವಾರವಿಡೀ ಬೀಸಿದ ಬಡಗಣ ಗಾಳಿ ನೆಲವನ್ನು ಗುಡಿಸಿ ಹೋಗಿತ್ತು. ಮಾಮ ತಮ್ಮ ಎರಡು ಕಪ್ಪು ಕಲ್ಲುಗಳನ್ನು ಹಿಂದಕ್ಕೆ ಸರಿಸಿದರು. ದೂರದಲ್ಲಿ ಎಣ್ಣೆಯ ಯಂತ್ರ ಧಡ್, ಧಡ್ ಎಂದು ಬಡಿಯುತ್ತಿತ್ತು. ಅಷ್ಟು ವಾರ ಕೇಳಿದ ಶಬ್ದವೇ. ಅಂದು ಅದು ನಗಾರಿಯಂತೆ ಕೇಳಿತು.

ಮುಂದಿನ ವಾರದ್ದು ಇದಕ್ಕಿಂತ ಕೆಟ್ಟದ್ದು. ಮುಳ್ಳುಕಂಟಿಯ ಗುಪ್ಪೆಯ ಸುತ್ತ ಬಿಳಿ ಕಲ್ಲುಗಳು ಉಂಗುರದ ಹಾಗೆ ನಿಂತಿದ್ದವು. ಅದನ್ನು ನೋಡಿದ್ದೇ ಮಾಮ ನೆಲದ ಮೇಲೆ ಕುಕ್ಕರಿಸಿದರು.

“ಉದ್ದ ಸೋತದ್ದೇ ಇಲ್ಲಿ, ಪುತಾ,” ಎಂದರು. “ಕಣಜಕ್ಕೆ ಸರಿಯಾದ ಕಾವಲು ಇಡಲಿಲ್ಲ. ಗಿಡ್ಡ ಬಂದು ಸುಟ್ಟ, ಯುದ್ಧ ಮುಗಿಯಿತು. ಈಗ ನೋಡು, ಕಾವಲು ಇಟ್ಟಿದ್ದಾನೆ.”

“ಯಾರು ಇಟ್ಟದ್ದು ಮಾಮ?”

“ಸತ್ತವನಿಗೆ ಈಗ ಬುದ್ಧಿ ಬಂದಿದೆ.”

ಹಗಲು ಹನ್ನೊಂದು ಗಂಟೆ, ತಲೆಯ ಮೇಲೆ ಸೂರ್ಯ, ಎದುರಿಗೆ ಹೆದ್ದಾರಿ, ಕಿಸೆಯಲ್ಲಿ ಫೋನು. ಆದರೂ ನನ್ನ ಬೆನ್ನಿನ ಮೇಲೆ ಯಾರೋ ಉಸಿರು ಬಿಟ್ಟ ಹಾಗಾಯಿತು. ಇಡೀ ಬಹ್ರೇನಿನಲ್ಲಿ, ಸಾವಿರದ ಎಂಟುನೂರು ವರ್ಷ ಹಿಂದೆ ಚೀನಾದಲ್ಲಿ ಒಬ್ಬ ಮಾಡಿದ ತಪ್ಪು ಯಾವುದೆಂದು ಬಲ್ಲವರು ಎಷ್ಟು ಮಂದಿ ಇದ್ದಾರು? ಒಬ್ಬರು. ಅವರು ನನ್ನ ಪಕ್ಕದಲ್ಲಿ ಕುಕ್ಕರಿಸಿದ್ದರು.

ಮನೆಗೆ ಬಂದು ಮಾಮಿಗೆ ಹೇಳಿದ್ದು ನನ್ನ ತಪ್ಪು. ಮಾಮಿ ಸೌಟು ಕೆಳಗಿಟ್ಟು, ಇಗರ್ಜಿಯಿಂದ ತಂದ ಪವಿತ್ರ ಜಲವನ್ನು ಮಾಮನ ಮೇಲೆ, ಮಾಮನ ಬೂಟಿನ ಮೇಲೆ, ಕೆಳಗೆ ಇಳಿದು ಬಂದು ನನ್ನ ಕಾರಿನ ನಾಲ್ಕು ಚಕ್ರಗಳ ಮೇಲೂ ಚಿಮುಕಿಸಿದರು. ಸ್ಟೆಪ್ನಿಯನ್ನೂ ತೆಗೆಸಿದರು! ಇನ್ನು ಆ ಬಯಲಿನ ಕಡೆ ತಲೆ ಹಾಕಬಾರದು ಎಂದು ಅಪ್ಪಣೆಯಾಯಿತು. ಮಾಮ ತಲೆ ಆಡಿಸಿದರು. ಮಾಮ ಹಾಗೆ ಮಾತಿಲ್ಲದೆ ತಲೆ ಆಡಿಸಿದರೆ ಹೋಗುತ್ತಾರೆ ಎಂದೇ ಅರ್ಥ.

ಅದರ ನಂತರದ ಬುಧವಾರ ಯಾವುದೋ ರಜೆ. ಬೆಳಿಗ್ಗೆ ಎದ್ದರೆ ಊರು ತುಂಬ ಮಂಜು. ಇಲ್ಲಿಯ ಚಳಿಗಾಲದಲ್ಲಿ ಕೆಲವು ದಿನ ಸಮುದ್ರದಿಂದ ಮಂಜು ಬಂದು ಎದುರಿನ ಕಟ್ಟಡವೇ ಇಲ್ಲವಾಗುತ್ತದೆ. ಮಾಮ ಆಗಲೇ ಬೂಟು ಹಾಕಿ ನನ್ನ ಬಾಗಿಲ ಬಳಿ ನಿಂತಿದ್ದರು. ನಾವು ಯಾವತ್ತೂ ಶುಕ್ರವಾರ ಹೋಗುವವರು, ಅವನು ನಾವಿಲ್ಲದ ದಿನ ಬರುವವನು, ಇವತ್ತು ನೋಡಿಬಿಡುವ ಎಂದರು. ಯಾರು ಅವನು ಎಂದು ನಾನು ಕೇಳಲಿಲ್ಲ. ಕೇಳಿ ಉತ್ತರ ಬಂದರೆ ಏನು ಮಾಡುವುದು?

ತಗ್ಗಿನಿಂದ ಸ್ವಲ್ಪ ದೂರದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಕುಳಿತೆವು. ಮಂಜು ಬಾನೆಟ್ಟಿನ ಮೇಲೆ ಹರಿಯುತ್ತಿತ್ತು. ಯಂತ್ರದ ಧಡ್ ಧಡ್ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬರುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಮಾಮ ನನ್ನ ಮೊಣಕೈ ಹಿಡಿದರು.

ಬಿಳಿ ಕಲ್ಲುಗಳ ನಡುವೆ ಒಬ್ಬ ನಿಂತಿದ್ದ. ನಡೆದು ಬಂದದ್ದನ್ನು ನಾನು ಕಾಣಲಿಲ್ಲ. ಮಂಜು ಸ್ವಲ್ಪ ತೆಳುವಾದಾಗ ಅವನು ಅಲ್ಲಿದ್ದ, ಅಷ್ಟೇ. ತುಂಬಾ ಎತ್ತರ. ಬಿಳಿ ಗಡ್ಡ, ಕಾಲಿನವರೆಗೆ ಇಳಿದ ನಿಲುವಂಗಿ, ಕೈಯಲ್ಲಿ ಕೋಲು. ಕಲ್ಲುಗಳನ್ನು ಒಂದೊಂದಾಗಿ ನೋಡುತ್ತಾ, ಸೈನ್ಯದ ತನಿಖೆ ಮಾಡುವವನಂತೆ ನಿಧಾನವಾಗಿ ನಡೆದ. ಬಗ್ಗಿ ಒಂದನ್ನು ಎತ್ತಿದ. ಮಾಮನ ಉಗುರು ನನ್ನ ಮೊಣಕೈಯೊಳಗೆ ಇಳಿದಿತ್ತು.

ಆಗ ಆ ಆಕೃತಿ ಪೈಪಿಗೆ ಎಡವಿತು. ಎಡವಿ, ಹೆಬ್ಬೆರಳು ಹಿಡಿದುಕೊಂಡು, ಉಡುಪಿ ಕಡೆಯ ಅಪ್ಪಟ ಕೊಂಕಣಿಯಲ್ಲಿ ಪೈಪಿನ ತಾಯಿಯನ್ನು ವಿಚಾರಿಸಿಕೊಂಡಿತು.

ಚೀನಾದ ಸೇನಾಧಿಪತಿಗೆ ಕೊಂಕಣಿ ಬರುವುದುಂಟೇ? ನನಗೆ ಹೋದ ಜೀವ ಬಂತು, ನಗುವೂ ಬಂತು. ತಿರುಗಿ ನೋಡಿದರೆ ಮಾಮ ನಗುತ್ತಿರಲಿಲ್ಲ. ದೆವ್ವವನ್ನು ನಿರೀಕ್ಷಿಸಿ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಬಿಳಿಚಿಕೊಂಡಿದ್ದರು. ಅವರ ಕೈ ಕಾರಿನ ಬಾಗಿಲಿನ ಹಿಡಿಯ ಮೇಲಿತ್ತು. ಹಿಡಿ ಅರ್ಧ ಎತ್ತಿದ್ದರು. ಅಷ್ಟಕ್ಕೇ ಕೈ ನಿಂತಿತ್ತು. ಆ ಮನುಷ್ಯ ತನ್ನ ಕಲ್ಲನ್ನು ಬೇಕಾದಲ್ಲಿ ಇಟ್ಟು, ಕುಂಟುತ್ತಾ ಅವಾಲಿಯ ಕಡೆಗೆ ಮಂಜಿನೊಳಗೆ ಹೋದ. ಮಾಮ ಹಿಡಿಯನ್ನು ಮೆಲ್ಲಗೆ ಬಿಟ್ಟು, ಗಾಡಿ ತಿರುಗಿಸು ಎಂದರು.

ದಾರಿಯಲ್ಲಿ ಅವರು ಹೇಳಿದ್ದನ್ನು ಇಲ್ಲಿ ಹೇಳಬೇಕು.

ಬಹ್ರೇನಿಗೆ ಬಂದ ಹೊಸತರಲ್ಲಿ ಮಾಮ ಮತ್ತು ಆ ಎತ್ತರದ ಮನುಷ್ಯ ಮೀನಾ ಸಲ್ಮಾನಿನ ಕಾರ್ಮಿಕರ ವಸತಿಯಲ್ಲಿ ಒಂದೇ ಕೋಣೆಯವರು. ಒಂದೇ ತಟ್ಟೆಯಲ್ಲಿ ಉಂಡವರು. ಆಗ ಚೀನಾದ ಒಂದು ಹಡಗು ಯಾವುದೋ ಕಾಗದಪತ್ರದ ತಕರಾರಿನಲ್ಲಿ ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಅದರ ಅಡುಗೆಯವ ಗೋದಾಮಿಗೆ ತರಕಾರಿಗೆ ಬರುತ್ತಿದ್ದವನು ಇವರ ಗೆಳೆಯನಾದ. ಸಂಜೆ ಇವರ ಕೋಣೆಗೆ ಬಂದು, ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಳದಿ ನದಿ ಬರೆದು, ಹರಕು ಇಂಗ್ಲಿಷಿನಲ್ಲಿ, ಈರುಳ್ಳಿ ಬಟಾಟೆ ಇಟ್ಟು ಆ ಕಥೆ ಹೇಳುತ್ತಿದ್ದ. ಎತ್ತರದವರು ಸಹಜವಾಗಿ ಉದ್ದನ ಕಡೆ, ಮಾಮ ಗಿಡ್ಡನ ಕಡೆ. ಎರಡು ಸೈನ್ಯ ಎದುರುಬದುರಾಗಿ ನಿಂತ ಹೊತ್ತಿಗೆ ಸರಿಯಾಗಿ ಹಡಗಿನ ತಕರಾರು ತೀರಿ, ಅಡುಗೆಯವ ಹೊರಟೇಹೋದ. ಗೆದ್ದದ್ದು ಯಾರೆಂದು ಗೊತ್ತಿಲ್ಲದೆ ಈ ಇಬ್ಬರೂ ವರ್ಷಗಟ್ಟಲೆ ಆ ಕೋಣೆಯಲ್ಲಿ ವಾದ ಮಾಡಿದರು.

ಆಮೇಲೆ ಅವಾಲಿಯಲ್ಲಿ ತೈಲದ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿದರು. ಜಾಗ ಇದ್ದದ್ದು ಒಂದು. ವಸತಿಗೆಲ್ಲ ಇದ್ದದ್ದೂ ಒಂದೇ ಫೋನು, ಕಾವಲುಗಾರನ ಕೋಣೆಯಲ್ಲಿ. ಸಂದರ್ಶನಕ್ಕೆ ಕರೆ ಬಂದದ್ದು ಇಬ್ಬರಿಗೂ. ಫೋನು ಎತ್ತಿದ್ದು ಎತ್ತರದವರು. ಮಾಮನಿಗೆ ಆ ಸುದ್ದಿ ತಲುಪಲಿಲ್ಲ. ಗೆಳೆಯ ಮರವಿರುವ ಊರಿಗೆ ಹೋದ ಮೇಲೆ ಕಾವಲುಗಾರ ಮಾತಿಗೆ ಮಾತು ಬಂದು ಹೇಳಿದ, ನಿಮಗೂ ಫೋನು ಬಂದಿತ್ತಲ್ಲ ಎಂದು. ಮಾಮ ಗೆಳೆಯನನ್ನು ಒಂದು ಮಾತು ಕೇಳಲಿಲ್ಲ, ಬೈಯಲಿಲ್ಲ. ಮಾತಾಡುವುದನ್ನೇ ಬಿಟ್ಟರು. ಇಪ್ಪತ್ತೆರಡು ವರ್ಷ. ಆ ಯುದ್ಧದ ಉಳಿದ ಕಥೆಯನ್ನು ಮಾಮ ಒಬ್ಬರೇ ಪುಸ್ತಕಗಳಲ್ಲಿ ಹುಡುಕಿ ಓದಿಕೊಂಡರು; ಆ ಕಡೆ ಗೆಳೆಯನೂ ಕಣಜದವರೆಗೆ ಓದಿರಬೇಕು. ನಡುವೆ ಆ ಗೆಳೆಯನ ಹೆಂಡತಿ ತೀರಿಕೊಂಡಾಗ ಮಾಮ ಇಗರ್ಜಿಯವರೆಗೆ ಹೋಗಿ, ಒಳಗೆ ಕಾಲಿಡಲಾಗದೆ ಹೊರಗಿನ ಗೋಡೆಗೆ ಒರಗಿ ಪೂಜೆ ಮುಗಿಯುವವರೆಗೆ ನಿಂತು ಬಂದರಂತೆ.

ಆ ಬಯಲಿನಲ್ಲಿ ಕಲ್ಲುಗಳನ್ನು ಕಂಡಾಗ ಎತ್ತರದವರಿಗೆ ಅದನ್ನು ಇಟ್ಟವರು ಯಾರೆಂದು ತಿಳಿಯಲು ಎಷ್ಟು ಹೊತ್ತು ಬೇಕಾದೀತು?

ಅಲ್ಲಿಂದ ಮುಂದಿನ ಎರಡು ತಿಂಗಳು ನನ್ನ ಮಾಮನಂಥ ಸುಖಿ ಈ ದ್ವೀಪದಲ್ಲಿ ಇನ್ನೊಬ್ಬರಿರಲಿಲ್ಲ. ಮಾತಿಲ್ಲ, ಕಥೆಯಿಲ್ಲ, ಮುಖ ನೋಡುವುದಿಲ್ಲ. ಶುಕ್ರವಾರ ಇವರು ಒಂದು ಕಲ್ಲು ಸರಿಸುವುದು, ವಾರದ ನಡುವೆ ಅವರು ಒಂದು ಸರಿಸುವುದು. ಎದುರಿನವರು ಯಾರೆಂದು ತಿಳಿದ ಮೇಲೂ ಆ ಬಯಲಿಗೆ ಕಾಲಿಟ್ಟಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಮಂಜಿನಲ್ಲಿ ಕಂಡ ಆ ನಿಲುವು ಕಣ್ಣಿನಿಂದ ಹೋಗಿರಲಿಲ್ಲ. ಮಾಮನಿಗೆ ಮಾತ್ರ ಅದು ಮದುವೆ ಮನೆ. ಗುರುವಾರವೇ ಗಡ್ಡ ಹೆರೆದು, ಶರ್ಟು ಇಸ್ತ್ರಿ ಮಾಡಿಸಿಕೊಳ್ಳುತ್ತಿದ್ದರು. ಒಮ್ಮೆ ಮಾಮಿ ಕರಿದ ಚಕ್ಕುಲಿಯ ಪೊಟ್ಟಣವನ್ನು ಬಿಳಿ ಪಾಳೆಯದಲ್ಲಿ ಇಟ್ಟು ಬಂದರು. ಯಾರಿಗೆ ಎಂದರೆ, ಸೈನಿಕರಿಗೆ ಎಂದರು. ಮುಂದಿನ ವಾರ ಖಾಲಿ ಪೊಟ್ಟಣ ನಾಲ್ಕು ಮಡಿಕೆಯಾಗಿ ಒಂದು ಬಿಳಿ ಕಲ್ಲಿನ ಕೆಳಗೆ ಇತ್ತು. ಸೈನ್ಯಕ್ಕೆ ಉಪ್ಪು ಸ್ವಲ್ಪ ಹೆಚ್ಚಾಯಿತಂತೆ, ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು.

ಮಾರ್ಚಿನಲ್ಲಿ ಕಲ್ಲುಗಳು ನಿಂತವು.

ಮೊದಲ ವಾರ, ಯೋಚನೆ ಮಾಡುತ್ತಿರಬೇಕು ಎಂದರು ಮಾಮ. ಎರಡನೆಯ ವಾರ ಬಿಳಿ ಕಲ್ಲುಗಳನ್ನು ಎಣಿಸಿ ಬಂದರು. ಮೂರನೆಯ ವಾರ ಬಿಳಿ ಕಲ್ಲುಗಳ ಗಾಳಿಯ ಬದಿಗೆ ಮರಳು ಏರಿ ಕುಳಿತಿತ್ತು. ಕಣಜದ ಮುಳ್ಳುಗಳಲ್ಲಿ ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿ ಬಡಿದುಕೊಳ್ಳುತ್ತಿತ್ತು. ಕಲ್ಲು ತಾನಾಗಿ ಸರಿದಾಗ ಹೆದರಿದ್ದ ನನಗೆ, ಸರಿಯದೆ ಇದ್ದಾಗ ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮಾಮ ಆ ಪಾಳೆಯದ ನಡುವೆ ನಿಂತು ಅವಾಲಿಯ ಮರಗಳ ಕಡೆ ನೋಡಿದರು. ಅವನು ಓಡಿಹೋಗುವವನಲ್ಲ ಎಂದರು. ಆಮೇಲೆ ತಾವೇ ಕಾರಿನ ಕಡೆ ನಡೆದರು. ಓಡಿದರು ಎನ್ನಬೇಕು.

ಅವಾಲಿಯಲ್ಲಿ ಕೇಳಿ ಕೇಳಿ ಹುಡುಕಿದ ಗೆಳೆಯನ ಮನೆಯ ಬಾಗಿಲಿಗೆ ಬೀಗ. ಮನೆಯೊಳಗಿನ ಸಾಮಾನು ಅರ್ಧ ಪೆಟ್ಟಿಗೆಗೆ ತುಂಬಿದ್ದು ಕಿಟಕಿಯಿಂದ ಕಾಣುತ್ತಿತ್ತು. ಪಕ್ಕದ ಮನೆಯ ಮಲಯಾಳಿ ಹೆಂಗಸು ಹೊರಗೆ ಬಂದು ವಿಷಯ ಹೇಳಿದರು. ಅಂಕಲ್‌ಗೆ ಸ್ಟ್ರೋಕ್ ಆಗಿದೆ, ಬಲಭಾಗ ಬಿದ್ದುಹೋಗಿದೆ, ಮಗಳು ಬಂದಿದ್ದಾಳೆ, ಮುಂದಿನ ವಾರ ಊರಿಗೆ ಕರೆದುಕೊಂಡು ಹೋಗುತ್ತಾಳೆ. ಆಸ್ಪತ್ರೆಯ ಹೆಸರು ಹೇಳಿ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಮಾಮ ಥ್ಯಾಂಕ್ಸ್ ಎಂದು ತಿರುಗಿದರು.

ಆಸ್ಪತ್ರೆಯ ಕೋಣೆಯಲ್ಲಿ ಮಗಳು ನಮ್ಮನ್ನು ನೋಡಿ ಕುರ್ಚಿಯಿಂದ ಎದ್ದಳು. ಮಾಮ ತಮ್ಮ ಹೆಸರು ಹೇಳಿದರು. ಅವಳು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಟ್ಟು ಹೊರಗೆ ಹೋದಳು. ಆ ಹೆಸರನ್ನು ಅವಳು ಮನೆಯಲ್ಲಿ ಎಷ್ಟು ಸಲ ಕೇಳಿದ್ದಳೋ.

ಮಂಚದ ಮೇಲಿನ ಮನುಷ್ಯನನ್ನು ನಾನು ಮೊದಲ ಸಲ ಬೆಳಕಿನಲ್ಲಿ ನೋಡಿದ್ದು. ಗಡ್ಡವನ್ನು ಆಸ್ಪತ್ರೆಯವರು ಬೋಳಿಸಿದ್ದರು. ಬಾಯಿ ಒಂದು ಬದಿಗೆ ಇಳಿದಿತ್ತು. ಮಾಮನನ್ನು ಕಂಡು ಎಡಗೈ ಹೊದಿಕೆಯ ಮೇಲೆ ಸ್ವಲ್ಪ ಎದ್ದಿತು, ಬಿತ್ತು. ಆಮೇಲೆ ಮಂಚದಲ್ಲಿದ್ದವರು ಒಂದೊಂದೇ ಶಬ್ದವನ್ನು ಎಲ್ಲಿಂದಲೋ ಎಳೆದು ತಂದಂತೆ ಹೇಳಿದರು.

“ಆ ದಿನ... ಫೋನು... ನಾನು...”

ಮಾಮ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು.

“ಅದು ಇರಲಿ ಮಾರಾಯ,” ಎಂದರು. “ಆ ಅಡುಗೆಯವ ನಮಗೆ ಪೂರ್ತಿ ಹೇಳಲಿಲ್ಲ, ಗೊತ್ತುಂಟಾ? ಕಣಜ ಸುಟ್ಟ ಮೇಲೆ ಉದ್ದನ ಡೇರೆಯಲ್ಲಿ ಗಿಡ್ಡನಿಗೆ ಕಾಗದಗಳು ಸಿಕ್ಕಿದವು. ಗಿಡ್ಡನ ಸ್ವಂತ ಜನ, ಹತ್ತಿರದವರು, ಗೆಲ್ಲುವುದು ಉದ್ದನೇ ಎಂದು ಒಳಗೊಳಗೆ ಉದ್ದನಿಗೆ ಬರೆದ ಕಾಗದಗಳು.”

ಇಷ್ಟು ವರ್ಷ ಮಾಮನ ಯುದ್ಧ ಕೇಳಿ ಕೇಳಿ ಕಿವಿ ತೂತಾದ ನನಗೆ ಇದು ಹೊಸತು. ಈ ಭಾಗವನ್ನು ಅವರು ಊಟದ ಮೇಜಿನಲ್ಲಾಗಲಿ, ಬಯಲಿನಲ್ಲಾಗಲಿ ಒಮ್ಮೆಯೂ ಹೇಳಿರಲಿಲ್ಲ.

ಮಂಚದಲ್ಲಿದ್ದವರ ಕಣ್ಣು ಮಾಮನ ಮುಖದಿಂದ ಸರಿಯಲಿಲ್ಲ. “ಏನು... ಮಾಡಿದ?”

“ಓದದೆ ಸುಟ್ಟ.”

“ಒಂದನ್ನೂ?”

“ಒಂದನ್ನೂ ಓದಲಿಲ್ಲ. ನನಗೇ ನನ್ನ ಮೇಲೆ ಭರವಸೆ ಇರಲಿಲ್ಲ, ಅವರಿಗೆ ಹೇಗೆ ಇರುತ್ತದೆ ಎಂದ.”

ಆ ಮನುಷ್ಯನ ಗಂಟಲಿನಿಂದ ಒಂದು ಶಬ್ದ ಬಂತು. ನಗುವೋ ಅಳುವೋ, ಇಳಿದ ಆ ಬಾಯಿಯಲ್ಲಿ ತಿಳಿಯುವಂತಿರಲಿಲ್ಲ. ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅವರಿಗೆ ಅದನ್ನು ಒರೆಸಿಕೊಳ್ಳಲು ಆಗಲಿಲ್ಲ. ಮಾಮ ತಮ್ಮ ಕರವಸ್ತ್ರದಿಂದ ಒರೆಸಿ, ಆಮೇಲೆ ಅದರಲ್ಲೇ ತಮ್ಮ ಮೂಗನ್ನೂ ಒರೆಸಿಕೊಂಡರು.

ಆಸ್ಪತ್ರೆಯ ಮಂಚ ಗೆಳೆಯನ ಎತ್ತರಕ್ಕೆ ಸಾಕಾಗಿರಲಿಲ್ಲ. ಹೊದಿಕೆ ಮುಗಿದ ಮೇಲೂ ಎರಡು ಪಾದ ಹೊರಗೆ ಚಾಚಿದ್ದವು, ಬಲ ಹೆಬ್ಬೆರಳಿ‌ನ ಉಗುರು ಕಪ್ಪಾಗಿತ್ತು. ಕೋಣೆಯ ಏಸಿ ಜೋರಾಗಿತ್ತು. ಮಾಮ ಎದ್ದು, ತಮ್ಮ ಸ್ವೆಟರ್ ಬಿಚ್ಚಿ, ಆ ಎರಡು ಪಾದಗಳನ್ನು ಅದರಲ್ಲಿ ಸುತ್ತಿದರು. ಸ್ವೆಟರ್ ಚಿಕ್ಕದು, ಪೂರ್ತಿ ಮುಚ್ಚಲಿಲ್ಲ. ಉಳಿದದ್ದನ್ನು ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದುಕೊಂಡು, ನರ್ಸ್ ಬಂದು ಸಮಯವಾಯಿತು ಎನ್ನುವವರೆಗೆ ಅಲ್ಲೇ ನಿಂತಿದ್ದರು.